ಡೈರಿ ಯಶೋದಳ ಮೂಗು

ಮಂದಿಯ ಮರುಕ ಕಂಡರೆ ಯಶೋದಳಿಗೆ ವಾಕರಿಕೆ ಬರುತ್ತಿತ್ತು. ಹನೂರು ರಸ್ತೆಯಿಂದ ಎರಡು ಮೈಲಿ ಒಳಗಿರುವ ಆ ಊರಿನ ಹಾಲಿನ ಡೈರಿಗೆ ಅವಳು ಒಂಬತ್ತು ವರ್ಷದಿಂದ ಸೆಕ್ರೆಟರಿ. ನೀರು ಬೆರೆಸಿದ ಹಾಲು ತಂದವರು ಸೋದರಮಾವನೇ ಆಗಿರಲಿ, ಬಾಗಿಲಿಂದಲೇ ವಾಪಸು ಅಟ್ಟುತ್ತಿದ್ದವಳು. ಆಗ ಬೆನ್ನ ಹಿಂದೆ ಬಜಾರಿ ಎಂದು ಬೈಯುತ್ತಿದ್ದ ಜನ, ಅವಳಿಗೆ ಕಾಯಿಲೆ ಬಂದದ್ದೇ ತಡ, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಮಾತಾಡತೊಡಗಿದರು.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಸೂರಿನ ಡಾಕ್ಟರು ಬಿಡಿಸಿ ಹೇಳಿದ್ದರು: ನಿಮ್ಮ ಮೈಯೇ ನಿಮ್ಮ ನರಗಳ ಮೇಲಿನ ಪದರವನ್ನು ಕೆಡಿಸುತ್ತಿದೆ, ಪೂರ್ತಿ ವಾಸಿಯಾಗುವಂಥದ್ದಲ್ಲ, ಆದರೆ ಔಷಧಿಯಿಂದ ಹಿಡಿತದಲ್ಲಿಡಬಹುದು, ಕೆಲಸ ಬಿಡಬೇಕಾಗಿಲ್ಲ. ಬಲಗಣ್ಣು ಮಂಜಾಯಿತು. ಬೆರಳ ತುದಿಗೆ ಸದಾ ಜೋಮು. ಬಿಸಿಲೇರಿದರೆ ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಮಗಳು ದೀಪಳಿಗೆ ಒಂದು ಜಡೆ ಹೆಣೆಯುವಷ್ಟರಲ್ಲಿ ಕೈ ಸೋತು, ಎರಡನೆಯ ಜಡೆ ಸ್ಕೂಲಿನ ಟೀಚರಮ್ಮನ ಪಾಲಾಗುತ್ತಿತ್ತು. ಅತ್ತೆ ಕೆಂಪಾಜಮ್ಮ ಬೆಟ್ಟದಿಂದ ಮಾದಪ್ಪನ ವಿಭೂತಿ, ದೂಳ್ತ, ತಂದು ಹಣೆಗೂ ಕಾಲಿಗೂ ಬಳಿದಳು. ಮಾರ್ಟಳ್ಳಿ ಕಡೆಯಿಂದ ಯಾರೋ ತಂದುಕೊಟ್ಟ ಎಣ್ಣೆ ಸತ್ತ ಇಲಿಯ ನಾತ ಹೊಡೆಯುತ್ತಿತ್ತು, ಅದನ್ನೂ ಬಿಡಲಿಲ್ಲ.

ಇಷ್ಟರಲ್ಲಿ ಒಂದು ಸಮಾಧಾನವೆಂದರೆ ಗಂಡ ಶಿವರಾಜು. ವಾರಕ್ಕೊಮ್ಮೆ ಸಿರಿಂಜಿನ ಗೆರೆ ನೋಡಿ ಔಷಧಿ ಎಳೆದು ಅವಳ ತೊಡೆಗೆ ಇಂಜೆಕ್ಷನ್ ಚುಚ್ಚುವವನು ಅವನೇ. ಡೈರಿಗೂ ಜೊತೆಗೆ ಬರತೊಡಗಿದ. ಹಾಲು ನೋಡುವ ಮಿಷನ್ನು ಕೆಟ್ಟು ಕೂತು ತಿಂಗಳುಗಳಾಗಿದ್ದವು, ಹಳೆಯ ಲ್ಯಾಕ್ಟೋಮೀಟರೇ ಗತಿ. ಹಾಲಲ್ಲಿ ತೇಲಿಬಿಡುವ ಗಾಜಿನ ಕಡ್ಡಿ ಅದು, ನೀರು ಬೆರೆತಷ್ಟೂ ಆಳಕ್ಕೆ ಮುಳುಗಿ ಕಡಿಮೆ ಅಂಕಿ ತೋರುತ್ತದೆ. ಇಪ್ಪತ್ತೆಂಟಕ್ಕಿಂತ ಕೆಳಗಿದ್ದರೆ ಆ ಹಾಲು ವಾಪಸು. ಯಶೋದ ಮೊದಮೊದಲು ಬಲಗಣ್ಣಿಗೆ ಸೆರಗು ಒತ್ತಿಕೊಂಡು ಎಡಗಣ್ಣಲ್ಲೇ ಅದನ್ನು ಓದುತ್ತಿದ್ದಳು.

"ಯಾಕೆ ಕಣ್ಗೆ ತ್ರಾಸ ಕೊಟ್ಕತೀಯೆ? ನಾನ್ ಓದ್ತೀನಿ, ನೀನ್ ಬರ್ಕೊ," ಎಂದ ಶಿವರಾಜು.

ಅವನು ಇಪ್ಪತ್ತೆಂಟು ಎಂದ, ಇಪ್ಪತ್ತೊಂಬತ್ತು ಎಂದ. ಅವಳು ಬರೆದುಕೊಂಡಳು. "ದೇವ್ರಂತ ಗಂಡನ್ನ ಪಡ್ದಿದ್ದೀಯ ಕಣವ್ವ," ಎಂದು ಸಾಲಿನಲ್ಲಿ ನಿಂತವರೆಲ್ಲ ಹೊಗಳಿದರು.

ತಿಂಗಳು ಕಳೆಯುವಷ್ಟರಲ್ಲಿ ಊರಿನ ಹಾಲು ಒಕ್ಕೂಟದಿಂದ ಎರಡು ಸಲ ವಾಪಸು ಬಂತು, ಬರೀ ನೀರು ಎಂಬ ದೂರಿನೊಂದಿಗೆ. ಡೈರಿ ಅಧ್ಯಕ್ಷ ಪುಟ್ಟಬಸಪ್ಪ ಹಲ್ಲು ಕಚ್ಚುತ್ತ ಬರಲಿಲ್ಲ, ನಗುತ್ತಲೇ ಬಂದ. "ನಿಂದೇನೂ ತಪ್ಪಿಲ್ಲ ಕಣವ್ವ. ಕಾಯ್ಲೆ ಮನ್ಸ, ಬರಿಯಾಗ ಎಡವಟ್ಟಾಯ್ತದೆ. ಇನ್ನೊಂದ್ ಸಲ ಆಲು ವಾಪಸ್ ಬಂದ್ರೆ ಕೆಲ್ಸ ಬ್ಯಾರೆಯೋರ್ಗೆ ಕೊಡ್ಬೇಕಾಯ್ತದೆ, ಅಷ್ಟೆಯ."

ಯಶೋದ ನಂಬಿದಳು. ತನ್ನ ಕೈಯೇ ಅಂಕಿ ತಪ್ಪುತ್ತಿದೆ, ತನ್ನ ಮೈಯೇ ತನಗೆ ದ್ರೋಹ ಮಾಡುತ್ತಿದೆ ಎಂದುಕೊಂಡಳು. ಅಡುಗೆಮನೆಯಲ್ಲಿ ಕೂತು ತನ್ನ ಬೆರಳುಗಳನ್ನೇ ಹೇಸಿಗೆಯಿಂದ ನೋಡಿದಳು. ಆ ಕೆಲಸವೊಂದು ಹೋದರೆ ತಾನು ಊರವರ ಅಯ್ಯೋ ಪಾಪವಲ್ಲದೆ ಬೇರೇನೂ ಆಗಿ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ದಿನ ಪಂಚಾಯ್ತಿಯವರು ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರನ್ನು ಅಳತೆಯಿಲ್ಲದೆ ಸುರಿದರು. ಮಾರನೆಯ ಬೆಳಿಗ್ಗೆ ಬಾಯಿಗೆ ಹಾಕಿಕೊಂಡ ನೀರನ್ನು ಯಶೋದ ನಾತ ತಾಳದೆ ಥೂ ಎಂದು ಉಗಿದಳು. ಡೈರಿಗೆ ಹೋದಾಗ ಕ್ಯಾನುಗಳ ಸಾಲು ಆಗಲೇ ನಿಂತಿತ್ತು. ಸೆಕ್ರೆಟರಿಯ ಮನೆ ಹಾಲನ್ನು ಎಲ್ಲರೆದುರು ಮೊದಲು ನೋಡುವುದು ಅವಳೇ ಹಾಕಿದ ಕಟ್ಟಳೆ. ಶಿವರಾಜು ಮನೆಯ ಕ್ಯಾನಿನ ಮುಚ್ಚಳ ತೆಗೆದು, ಪಾತ್ರೆಗೆ ಹಾಲು ಬಗ್ಗಿಸಿ, ಕಡ್ಡಿ ಬಿಟ್ಟು, "ಇಪ್ಪತ್ತೊಂಬತ್ತು" ಎಂದ.

ಒಂದು ಕಣ್ಣು ಹೋಗಿತ್ತು, ಬೆರಳು ಹೋಗಿತ್ತು. ಮೂಗು ಮಾತ್ರ ನೆಟ್ಟಗಿತ್ತು. ಹಾಲಿನಿಂದ ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪನೆ ಬಡಿಯಿತು.

ಅವಳು ಪೆನ್ನು ಕೆಳಗಿಟ್ಟಳು. ಬಲಗಣ್ಣಿಗೆ ಸೆರಗು ಒತ್ತಿ ಬಗ್ಗಿ ನೋಡಿದಳು. ಹದಿನೆಂಟು. ಮತ್ತೆ ನೋಡಿದಳು. ಹದಿನೆಂಟೇ.

ತಲೆಯೆತ್ತಿದರೆ ಸಾಲಿನಲ್ಲಿ ಒಬ್ಬರ ಮುಖದಲ್ಲೂ ಆಶ್ಚರ್ಯವಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಹಿಂದಿದ್ದ ಶಿವಮ್ಮನ ಕ್ಯಾನಿಗೆ ಮೂಗು ಚಾಚಿದಳು, ಅದೇ ನಾತ. ಅದರ ಹಿಂದಿನದೂ ಅದೇ. ದೇವರಂಥ ಗಂಡ ತನ್ನ ಮನೆಗಷ್ಟೇ ಅಲ್ಲ, ಊರಿಗೆಲ್ಲ ಇಪ್ಪತ್ತೊಂಬತ್ತು ಓದುತ್ತಿದ್ದ.

"ಕ್ಯಾನ್ಗಿಷ್ಟು ಅಂತ ಕಾಸ್ ಈಸ್ಕಂಡಿದ್ದು ನಿನ್ ಔಸ್ದಿಗೇ ಕಣೆ," ಎಂದು ಶಿವರಾಜು ಪಿಸುಗುಟ್ಟಿದ. "ಮನೇಲ್ ಮಾತಾಡವ, ನಡಿ."

"ನನ್ ಕಾಯ್ಲೆಯ ಎಷ್ಟಕ್ ಮಾರ್ದೆ? ಇಲ್ಲೇ ಯೋಳು, ಎಲ್ರೂ ಕೇಳ್ಲಿ."

ಯಶೋದ ಗೋಡೆ ಹಿಡಿದು ಎದ್ದು, ಮನೆಯ ಕ್ಯಾನನ್ನು ಕಾಲಿನಿಂದ ನೂಕುತ್ತ ಬಾಗಿಲವರೆಗೆ ತಂದು ಚರಂಡಿಗೆ ಉರುಳಿಸಿದಳು. ಮಾತು ಕೇಳದ ಕಾಲಿಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಮುಂದಿನ್ ಕ್ಯಾನು ತನ್ನಿ. ಅಧ್ಯಕ್ಷರೆ, ನಿಮ್ದೆಲ್ಲಿ?"

ಪುಟ್ಟಬಸಪ್ಪ ಕ್ಯಾನನ್ನು ಪಂಚೆಯ ಮರೆಗೆ ಸರಿಸಿಕೊಂಡ. "ನಮ್ ಅಸ ಇವತ್ತು ಸರ್ಯಾಗ್ ಕರೀನಿಲ್ಲ ಕಣವ್ವ," ಎಂದು ಬಂದ ದಾರಿ ಹಿಡಿದ. ಅವನ ಹಿಂದೆ ಮುಕ್ಕಾಲು ಸಾಲು ಕರಗಿತು. ಅಂದು ಡೈರಿಯಲ್ಲಿ ಉಳಿದದ್ದು ಮೂರು ಕ್ಯಾನು ಹಾಲು. ಅದು ವಾಪಸು ಬರಲಿಲ್ಲ.

ಮನೆಯಲ್ಲಿ ಕೆಂಪಾಜಮ್ಮ ಎದೆ ಬಡಿದುಕೊಂಡಳು, "ಮನೆ ಆಲ ಚೆಲ್ಬುಟ್ಟು ಮನೆ ಮಾನ ಕಳುದ್ಳಲ್ಲಪ್ಪೊ!" ಯಶೋದ ಕೇಳಿಸಿಕೊಳ್ಳಲಿಲ್ಲ. ಅಂದು ಇಂಜೆಕ್ಷನ್ನಿನ ದಿನ. ಸಂಜೆ ಶಿವರಾಜು ಎಂದಿನಂತೆ ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡು ಬಂದು ತಲೆ ತಗ್ಗಿಸಿ ಪಕ್ಕದಲ್ಲಿ ಕುಳಿತ.

ಅವಳು ಕೈ ಚಾಚಿ ಅದನ್ನು ಇಸಿದುಕೊಂಡಳು. ಬೆಳಕಿಗೆ ಹಿಡಿದು, ಬಲಗಣ್ಣಿಗೆ ಸೆರಗು ಒತ್ತಿ, ಅವನು ನೋಡನೋಡುತ್ತಿದ್ದಂತೆ ಗೆರೆಯನ್ನು ಎರಡೆರಡು ಸಲ ಓದಿದಳು. ಅಳತೆ ಸರಿಯಾಗಿಯೇ ಇತ್ತು. ಆದರೂ ಚುಚ್ಚಿಕೊಂಡದ್ದು ತಾನೇ.