ಕೆಸರಿಗೆ ಕಾವಲು

ನಮ್ಮ ಮೀನುಗಾರರು ಬಾಯಿಬಡುಕರು. ಆದರೆ ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿ ನೋಡಿ, ತುಟಿ ಪಿಟಕ್ಕೆನ್ನುವುದಿಲ್ಲ. ನನ್ನ ಗಂಡನಂತೂ ಒಡಹುಟ್ಟಿದ ಅಣ್ಣನ ದೋಣಿ ಹಿಂದೆ ಕಂಡರೂ ದಿಕ್ಕು ಬದಲಿಸುವ ಆಸಾಮಿ.

ಕಳೆದ ವರ್ಷ ಸಮುದ್ರದ ತಳದಿಂದ ಜಲ್ಲಿ ಎತ್ತುವ ಹಡಗು ಬರುತ್ತದೆ ಎಂದಾಗ ದೊಡ್ಡ ಗಲಾಟೆಯಾಯಿತು. ಮೀನು ಮೊಟ್ಟೆಯಿಡುವುದು ಆ ಜಲ್ಲಿಯ ಮೇಲೆಯೇ. ಮೀನುಗಾರಿಕೆ ಇಲಾಖೆಯ ಅಧಿಕಾರಿ ಸಭೆ ಕರೆದು ನಕ್ಷೆ ಹಾಸಿದ. "ಮೊಟ್ಟೆ ಇಡೋ ಜಾಗಕ್ಕೆ ಗುರುತು ಹಾಕಿ, ಅದನ್ನ ಬಿಟ್ಟು ಅಗೀತಾರೆ" ಅಂದ. ಎಲ್ಲರೂ ಸಾಲಾಗಿ ನಿಂತರು. ನನ್ನ ಗಂಡನ ಬೆನ್ನಿಗೇ ಅವರ ಅಣ್ಣ, ನಮ್ಮ ಭಾವ. ಇವರು ಬರೀ ಕೆಸರಿರುವ ಕಡೆ ಗುರುತು ಹಾಕಿ ಬಂದು, ಅಣ್ಣನಿಗೆ ಚಳ್ಳೆಹಣ್ಣು ತಿನ್ನಿಸಿದೆ ಎಂದು ಮನೆಯಲ್ಲಿ ನಕ್ಕರು. ನಾನೂ ನಕ್ಕೆ.

ಈ ವರ್ಷ ಮೀನು ಬರಲಿಲ್ಲ. ಮತ್ತೆ ಸಭೆ ಸೇರಿತು, ನಾನೂ ಹೋಗಿದ್ದೆ; ಎಲ್ಲರೂ ಅಧಿಕಾರಿಯ ಮೇಲೆ ಹರಿಹಾಯ್ದರು. ಅವನು ಹಳೆಯ ನಕ್ಷೆ ಬಿಚ್ಚಿದ.

"ನೀವು ತೋರಿಸಿದ ಕಡೆ ಒಂದು ಬೊಗಸೆ ಜಲ್ಲೀನೂ ಮುಟ್ಟಿಲ್ಲವಲ್ಲ?"

ನನ್ನ ಗಂಡ ಎದ್ದರು. "ನಾನು ಸುಳ್ಳು ಗುರುತು ಹಾಕಿದ್ದೆ ಸಾರ್. ಮೀನಿದ್ದದ್ದು ಹಡಗು ಅಗೆದ ಕಡೆ."

"ನಾನೂ ಅಷ್ಟೇ," ಅಂದರು ಭಾವ, ನೆಲ ನೋಡುತ್ತ.

ಆಮೇಲೆ ಒಬ್ಬೊಬ್ಬರೇ ಒಪ್ಪಿಕೊಂಡರು. ಊರಿಗೆ ಊರೇ ಸೇರಿ ಕೆಸರನ್ನು ಕಾಪಾಡಿತ್ತು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಧಿಕಾರಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹೊಸ ನಕ್ಷೆ ಹಾಸಿ ನನ್ನ ಗಂಡನ ಕೈಗೆ ಪೆನ್ನು ಕೊಟ್ಟ. "ಹಡಗು ಇನ್ನು ಪಕ್ಕದ ಪಟ್ಟೀಲಿ ಅಗೆಯುತ್ತೆ. ಅಲ್ಲಾದರೂ ಮೊಟ್ಟೆ ಜಾಗ ಉಳಿದಿದ್ದರೆ ಈಗಲೇ ತೋರಿಸಿಬಿಡಿ."

ಇವರು ನಕ್ಷೆಯ ಮೇಲೆ ಬಾಗಿದರು. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಕತ್ತು ಮೆಲ್ಲಗೆ ಹಿಂದೆ ತಿರುಗಿತು, ಅಣ್ಣ ನೋಡುತ್ತಿದ್ದಾರೋ ಎಂದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಇದಕ್ಕೇ. ನನ್ನ ಪಿತ್ತ ನೆತ್ತಿಗೇರಿತು. ಹೋಗಿ ಪೆನ್ನು ಕಿತ್ತುಕೊಂಡೆ.

"ಇಷ್ಟಾದರೂ ಬುದ್ಧಿ ಬರಲಿಲ್ವಾ ನಿಮಗೆ? ಕೊಡಿ ಇಲ್ಲಿ, ನಾನೇ ಹಾಕ್ತೀನಿ!"

ಸಭೆಯೆಲ್ಲ ನನ್ನ ಕೈಯನ್ನೇ ನೋಡಿತು. ನಕ್ಷೆಯ ಮೇಲೆ ಬಾಗಿದ ಮೇಲಷ್ಟೇ ನನಗೆ ಹೊಳೆಯಿತು: ಇಷ್ಟು ವರ್ಷ ಅವರು ತಂದ ಮೀನು ಮಾರಿ ಸಂಸಾರ ಮಾಡಿದ ನನಗೂ ಆ ಜಾಗವನ್ನು ಅವರು ಹೇಳಿರಲಿಲ್ಲ.