ಒಲ್ಲೆ ಎಂದವನಿಗೆ ಗುರುಪಟ್ಟ

ಇಗರ್ಜಿಯ ಹಿಂದಿನ ಒಲೆಮನೆಯೇ ಬಿಷಾಯ್‌ನ ಲೋಕವಾಗಿತ್ತು. ಪೂಜೆಯ ರೊಟ್ಟಿಗೆ ಹಿಟ್ಟು ನಾದುವುದು, ಶಿಲುಬೆಯ ಅಚ್ಚು ಒತ್ತುವುದು, ಜೊತೆಜೊತೆಗೇ ಕೀರ್ತನೆ ಹೇಳಿಕೊಳ್ಳುವುದು. ಹನ್ನೆರಡು ವರ್ಷ ಹೀಗೇ ಕಳೆದಿತ್ತು. ಒಲೆಯ ಮುಂದೆ ನೂರೈವತ್ತು ಕೀರ್ತನೆಗಳೂ ತಪ್ಪಿಲ್ಲದೆ ಬರುತ್ತಿದ್ದವು. ನಾಲ್ಕು ಜನ ಎದುರು ನಿಂತರೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಅಂಥವನನ್ನು ನೈಲ್ ನದಿಯಾಚೆ, ಗುಡ್ಡದ ಮೇಲಿನ ಕಲ್ಲುಗಣಿಯ ಕೇರಿಗೆ ಗುರುವಾಗಿ ಕಳಿಸುತ್ತೇನೆಂದು ಬಿಷಪ್ಪರು ಹೇಳಿಕಳಿಸಿದರು. ಬಿಷಾಯ್ "ನನ್ನಿಂದಾಗಲ್ಲ" ಎಂದುಬಿಟ್ಟ. ಅಲ್ಲೇ ಕೆಲಸ ಕೆಟ್ಟಿತು. ನಮ್ಮ ಕಾಪ್ಟಿಕ್ ಕ್ರೈಸ್ತರಲ್ಲಿ ಗುರುಪಟ್ಟಕ್ಕೆ ಕರೆದಾಗ ಯೋಗ್ಯನಾದವನು ಒಲ್ಲೆ ಎನ್ನಬೇಕು, ಓಡಬೇಕು, ಅಡಗಬೇಕು. ಹೂಂ ಎಂದು ಮುಂದೆ ಬಂದವನ ಮೇಲೇ ಅನುಮಾನ.

"ಎಂಥಾ ವಿನಯ ನೋಡ್ರಪ್ಪಾ!" ಎಂದ ಕ್ಷೌರದ ಹಬೀಬ್.

"ವಿನಯ ಅಲ್ಲ ಮಾರಾಯ, ಹೆದರಿಕೆ!" ಎಂದ ಬಿಷಾಯ್.

"ಕೇಳಿದ್ರಾ? ಸಂತರೂ ಹಿಂಗೇ ಅಂತಿದ್ರು."

ಬಿಷಾಯ್ ಕೋಳಿಗೂಡಿನಲ್ಲಿ ಬಚ್ಚಿಟ್ಟುಕೊಂಡ. ಊರವರು ಎಳೆದು ತಂದು, ಮೈಮೇಲಿನ ಪುಕ್ಕ ಕೊಡವಿ, ಕೈಗೆ ಮುತ್ತಿಟ್ಟರು.

ಇನ್ನು ಉಳಿದದ್ದು ಒಂದೇ ದಾರಿ. ಹೆಂಡತಿ ಒಪ್ಪದೆ ಸಂಸಾರಸ್ಥನಿಗೆ ಪಟ್ಟವಿಲ್ಲ. "ಭಾನುವಾರ ಎಲ್ಲರ ಮುಂದೆ ಕೇಳ್ತಾರೆ. ಒಲ್ಲೆ ಅಂದುಬಿಡು ನರ್ಗಿಸ್," ಎಂದು ಅವಳ ಕೈ ಹಿಡಿದುಕೊಂಡ.

"ನೀನು ಹೇಳಿದಂಗೇ ಹೇಳ್ತೀನಿ. ಆದ್ರೆ ಗಣಿ ಕೇರಿಯಿಂದ ಒಬ್ಬ ಮುದುಕ ಬಂದು ಬೆಳಗಿಂದ ಬಾಗಿಲಲ್ಲಿ ಕೂತಿದಾನೆ. ಮೊದಲು ಅವನ ಹತ್ರ ಮಾತಾಡು."

ಮುದುಕನ ಹೆಸರು ವಿಸ್ಸಾ. ಕಲ್ಲಿನ ಧೂಳು ಹುಬ್ಬಿನ ಮೇಲೇ ಕೂತಿತ್ತು. "ಹೊಗಳೋಕೆ ಬಂದಿಲ್ಲಪ್ಪಾ. ನೀನು ನಿಜವಾಗ್ಲೂ ಹೆದರಿದೀಯ, ಮುಖ ನೋಡಿದ್ರೇ ಗೊತ್ತಾಗ್ತದೆ," ಎಂದ.

ತನ್ನ ಮಾತು ನಂಬಿದ ಮೊದಲನೆಯವ ಅವನೇ. ಬಿಷಾಯ್ ಎದೆ ಹಗುರಾಗಿ, "ಜನರ ಮುಂದೆ ಎಲ್ಲ ಮರೆತುಹೋಗ್ತದೆ ಅಜ್ಜಾ," ಎಂದ.

"ನನಗೂ ಮರೀತು. ಹೋದ ತಿಂಗಳು ಮೊಮ್ಮಗಳನ್ನ ಮಣ್ಣು ಮಾಡೋವಾಗ ಗುರುಗಳು ಸಿಗ್ಲಿಲ್ಲ. ನಾನೇ ಪ್ರಾರ್ಥನೆ ಶುರು ಮಾಡ್ದೆ. ಅರ್ಧಕ್ಕೇ ನಿಂತುಹೋಯ್ತು. ಮುಂದಿಂದು ಯಾರಿಗೂ ಬರಲಿಲ್ಲ. ಸುಮ್ನೆ ಗುದ್ದಲಿ ಎತ್ಕೊಂಡ್ವಿ." ಮುದುಕ ಹುಬ್ಬಿನ ಧೂಳು ಒರೆಸಿಕೊಂಡ. "ನಿನಗೆ ಮರೆತ್ರೆ ನಿಂತು ನೆನಪು ಮಾಡ್ಕೋ ಮಗಾ. ನಾವು ಕಾಯ್ತೀವಿ."

ಅಂದು ಸಂಜೆ ಹಿಟ್ಟು ನಾದುವಾಗ ಬಿಷಾಯ್‌ನ ಬಾಯಿಗೆ ಕೀರ್ತನೆ ಬರಲಿಲ್ಲ. ಹನ್ನೆರಡು ವರ್ಷ ಇಷ್ಟೊಂದು ಮಾತನ್ನು ಒಲೆಯ ಇಟ್ಟಿಗೆಗೆ ಹೇಳಿದ್ದ. ಹೊಳೆಯಾಚೆ ಒಂದು ಕೂಸು ಅರ್ಧ ಪ್ರಾರ್ಥನೆ ಹೊದ್ದು ಮಣ್ಣಿಗೆ ಹೋಗಿತ್ತು. ಕರೆದದ್ದು ಬಿಷಪ್ಪರಷ್ಟೇ ಅಲ್ಲ ಎಂದು ಅವನಿಗೆ ಆಗ ಅನ್ನಿಸಿತು. ಅನ್ನಿಸಿದ್ದಕ್ಕೇ ಹೆದರಿಕೆ ಇನ್ನಷ್ಟಾಯಿತು.

ಭಾನುವಾರ ತುಂಬಿದ ಇಗರ್ಜಿಯಲ್ಲಿ ಬಿಷಪ್ಪರು ನರ್ಗಿಸಳನ್ನು ಕೇಳಿದರು: "ಒಪ್ಪಿಗೆಯೇನಮ್ಮಾ?"

ಅವಳು ಗಂಡನ ಕಡೆ ತಿರುಗಿದಳು. ಅವನು ಎದ್ದು ನಿಂತ. ನಾಲಗೆ ಅಂಟಿಕೊಂಡಿತು. ಯಾರೋ ಕೆಮ್ಮಿದರು. ಮುದುಕ ವಿಸ್ಸಾ ಅವಸರಪಡದೆ ಅವನನ್ನೇ ನೋಡುತ್ತ ಕುಳಿತಿದ್ದ.

"ನನಗೆ... ಹೆದರಿಕೆ ಹೋಗಿಲ್ಲ ಸ್ವಾಮಿ," ಎಂದ ಬಿಷಾಯ್ ಕೊನೆಗೆ. "ಆದ್ರೂ ಹೋಗ್ತೀನಿ."

"ಅಯ್ಯೋ, ಹೂಂ ಅಂದುಬಿಟ್ಟನಲ್ಲಾ!" ಎಂದು ಹಬೀಬ್ ಪಕ್ಕದವನ ಕಿವಿಯಲ್ಲಿ ಗೊಣಗಿದ.

ನರ್ಗಿಸ್ ಸೆರಗಿನಂತೆ ಹೊದ್ದ ಕರಿಯ ಬಟ್ಟೆ ಸರಿಮಾಡಿಕೊಂಡಳು.

"ಹಂಗಾದ್ರೆ ನಂದೂ ಒಪ್ಪಿಗೆ ಸ್ವಾಮಿ. ಆ ಗುಡ್ಡಕ್ಕೆ ನೀರು ಹೊರೋದು ಮಾತ್ರ ಇವರೇ."