ಬ್ಯಾಟರಿಯನ್ನು ನಂಬದ ಚೋರೋಲ್

ರಿಂಚೆನ್ ಚೋರೋಲ್ ಮಾತಿನ ನಡುವೆಯೇ ನಿದ್ದೆಹೋಗುತ್ತಾಳೆ. ಆಕಳಿಕೆಯಿಲ್ಲ, ತೂಕಡಿಕೆಯ ಮುನ್ಸೂಚನೆಯಿಲ್ಲ, "ಆ ತಂತೀನ ಈ ಕಡೆ..." ಎಂದು ಕೈಯೆತ್ತಿದವಳು ಆ ಕೈಯನ್ನು ಹಾಗೆಯೇ ಮಡಿಲಿಗಿಳಿಸಿ, ಗೋಡೆಗೆ ತಲೆಯಾನಿಸಿ, ಎದುರಿನ ಚಹಾ ಆರುವಷ್ಟರಲ್ಲಿ ಒಂದು ಸಮೃದ್ಧ ನಿದ್ರೆಯನ್ನು ಮುಗಿಸಿ, ಕಣ್ಣು ತೆರೆದು "...ಬೆಸೆದ್ರೆ ಸರಿಹೋಗ್ತದೆ" ಎಂದು ವಾಕ್ಯವನ್ನು ಪೂರೈಸುತ್ತಾಳೆ. ಲೇಹ್‌ನ ಅವಳ ಮನೆಗೆ ಹೊಸದಾಗಿ ಬಂದವರಿಗೆ ಗಾಬರಿ. ಕನ್ನಡನಾಡಿನಿಂದ ಬಂದು ಪಕ್ಕದ ಮನೆಯಲ್ಲೇ ಇದ್ದು ತಲೆ ಹಣ್ಣಾಗಿಸಿಕೊಂಡ ನನ್ನಂಥವರು ಆ ಹೊತ್ತಿನಲ್ಲಿ ಉಪ್ಪು-ಬೆಣ್ಣೆಯ ಚಹಾವನ್ನು ಬಟ್ಟಲಿಗೆ ತಾವೇ ಬಗ್ಗಿಸಿಕೊಳ್ಳುತ್ತೇವೆ.

ನಡಿಗೆಯೂ ಹಾಗೆಯೇ. ಏರಿನಲ್ಲಿ ಉಳಿದವರೆಲ್ಲ ಉಸಿರನ್ನು ಜಿಪುಣರಂತೆ ಖರ್ಚುಮಾಡುತ್ತ ಸಾಗಿದರೆ, ಇವಳು ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದು ಓಡಿ, ಬಂಡೆಯೊಂದರ ಮೇಲೆ ದೊಪ್ಪನೆ ಕೂತು, ನಾವು ತಲುಪುವಷ್ಟರಲ್ಲಿ ಮತ್ತೆ ಎದ್ದು ಓಡಿರುತ್ತಾಳೆ. ಮೈಮೇಲೆ ಸೋದರಮಾವನಿಂದ ಬಂದ ಕಡುಗೆಂಪು ಗೊಂಚಾ. ಹಿಮ ಗುಡಿಸುವಷ್ಟು ಉದ್ದದ ಆ ನಿಲುವಂಗಿಯ ಎದೆಮಡಿಕೆಯಲ್ಲಿ ಬೆಸುಗೆಯ ತಂತಿ, ಇಕ್ಕಳ, ಒಣ ಜರ್ದಾಳು, ಕಲ್ಲಿನಂತೆ ಗಟ್ಟಿಯಾದ ಗಿಣ್ಣಿನ ಚೂರು, ಏನು ಕೇಳಿದರೂ ಉಂಟು. ಬ್ಯಾಟರಿಯೊಂದು ಮಾತ್ರ ಸಿಗದು. ಚಾಂಗ್‌ಥಾಂಗಿನ ಆ ಎತ್ತರದ ಬಯಲಿನ ಮಿಕ್ಕ ಪ್ರತಿಯೊಂದು ಗೊಂಚಾದಲ್ಲೂ ಚಳಿಗಾಲವಿಡೀ ಇರುವುದೇ ಅದು. ಟಾರ್ಚಿನದು, ರೇಡಿಯೋದ್ದು ಎಂದು ಬ್ಯಾಟರಿಗಳನ್ನೆಲ್ಲ ಬಿಚ್ಚಿ, ಬಾಣಂತಿ ಕೂಸನ್ನು ಅವಚಿಕೊಂಡಂತೆ ಎದೆಗಿಟ್ಟು ಬೆಚ್ಚಗೆ ಕಾಯದಿದ್ದರೆ ಅವು ಮೈ ಮರಗಟ್ಟಿ ಕೆಲಸಕ್ಕೆ ಬರುವುದಿಲ್ಲವೆಂಬುದು ಅಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಬಲ್ಲ ಸಂಗತಿ.

ಆ ಶುಶ್ರೂಷೆಯನ್ನು ಕಂಡರೇ ಚೋರೋಲ್‌ಗೆ ಮೈಯುರಿ. "ನಮ್ಮನ್ನ ಕಾಯ್ಲಿ ಅಂತ ತಂದಿದ್ದನ್ನ ನಾವೇ ಕಾಯ್ಬೇಕಾ?" ಎನ್ನುತ್ತಿದ್ದಳು. ಜಮ್ಮುವಿನಲ್ಲಿ ಇಂಜಿನಿಯರಿಂಗ್ ಕಲಿತು ಬಂದವಳು ಮೊದಲು ಮಾಡಿದ್ದೂ ಬ್ಯಾಟರಿಯ ಕೊರಳಪಟ್ಟಿಗಳನ್ನೇ. ಚಳಿಗಾಲದಲ್ಲಿ ಮೇಲಿನ ಕಣಿವೆಗಳಿಗೆ ಮೇಯಲು ಬಿಟ್ಟ ಯಾಕ್‌ಗಳು ಎಲ್ಲಿವೆಯೆಂದು ರೇಡಿಯೋ ದನಿಯಲ್ಲಿ ತಿಳಿಸುವ ಪುಟ್ಟ ಪೆಟ್ಟಿಗೆಗಳು ಅವು. ಮೊದಲ ಕಡುಚಳಿಗೇ ಒಂದೊಂದಾಗಿ ಮೌನವಾದವು. ಯಾಕ್‌ನ ಕೊರಳಿನಲ್ಲಿರುವುದನ್ನು ಯಾರು ಎದೆಗವಚಿಕೊಳ್ಳಲಾದೀತು? ಆಗ ಅವಳ ಕಣ್ಣಿಗೆ ಬಿದ್ದದ್ದು ಸೂಪರ್‌ಕೆಪಾಸಿಟರ್. ಬ್ಯಾಟರಿ ವಿದ್ಯುತ್ತನ್ನು ರಸಾಯನವಾಗಿ ಅರಗಿಸಿಕೊಂಡು ಇಟ್ಟುಕೊಳ್ಳುತ್ತದೆ, ಚಳಿಗೆ ಅದರ ಜೀರ್ಣಶಕ್ತಿಯೇ ಕುಂದುತ್ತದೆ. ಇದಾದರೋ ಸೂಕ್ಷ್ಮ ಇದ್ದಿಲಿನ ಮೈಗೆ ವಿದ್ಯುತ್ತನ್ನು ಸುಮ್ಮನೆ ಅಂಟಿಸಿಕೊಂಡು ಕೂರುತ್ತದೆ. ಹಿಡಿಸುವುದು ಅತ್ಯಲ್ಪ, ಸೋರುವುದೂ ಉಂಟು. ಆದರೆ ಕೊರೆಯುವ ಚಳಿಯಲ್ಲೂ ಜೊತೆಗಿಟ್ಟ ಸೌರಫಲಕಕ್ಕೆ ತುಸು ಬಿಸಿಲು ತಾಗಿದರೆ ಗಟಗಟನೆ ಕುಡಿದು ತುಂಬಿಕೊಳ್ಳುತ್ತದೆ, ಎಷ್ಟು ಸಲ ಬರಿದಾದರೂ ಮುನಿಯುವುದಿಲ್ಲ. ಈ ವಿವರಣೆ ಕೇಳಿದ ಅವಳ ತಾಯಿ ಒಮ್ಮೆ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದಕ್ಕೆ ಕಾಲೇಜ್ ಯಾಕೆ ಬೇಕಿತ್ತು? ಕನ್ನಡಿ ನೋಡ್ಕೊಂಡಿದ್ರೆ ಸಾಕಿತ್ತಲ್ಲ!" ಎಂದಿದ್ದರು.

ಆ ಇದ್ದಿಲನ್ನು ಜರ್ದಾಳಿನ ಓಟೆಯಿಂದ ತಾನೇ ಮಾಡುತ್ತೇನೆಂದು ಹೊರಟದ್ದು ಇನ್ನೊಂದು ಕಥೆ. ಬೀದಿಯ ಮನೆಮನೆಯಿಂದ ಓಟೆ ಬೇಡಿ ತಂದು, ಡಬ್ಬಿಯಲ್ಲಿ ಮುಚ್ಚಿ ಸುಟ್ಟು, ಇಡೀ ಕೇರಿ ಕೆಮ್ಮುವಂತೆ ಮಾಡಿದಳು. ಗೋಂಪಾದ, ಎಂದರೆ ಬೌದ್ಧ ಮಠದ, ಲಾಮಾ ಒಬ್ಬರು ಮೂಗು ಮುಚ್ಚಿಕೊಂಡು ಬಂದು, ಯಾವ ದೆವ್ವ ಬಿಡಿಸುತ್ತಿದ್ದೀರಿ ಎಂದು ವಿಚಾರಿಸಿದರಂತೆ. ಕಡೆಗೆ ಬಂದ ಇದ್ದಿಲು ಹಲ್ಲುಜ್ಜಲು ಮಾತ್ರ ಯೋಗ್ಯವಾಗಿತ್ತು. ಮರುವಾರ ಯಾವ ಸಂಕೋಚವೂ ಇಲ್ಲದೆ ಸಿದ್ಧ ವಸ್ತುವನ್ನೇ ಹೊರಗಿನಿಂದ ತರಿಸಿಕೊಂಡಳು.

ಅವಳನ್ನು ಅವಳ ಪೂರ್ಣ ಕಾಂತಿಯಲ್ಲಿ ನಾನು ಕಂಡದ್ದು ಖರ್ಲುಂಗ್ ಎಂಬ ಊರಿನಲ್ಲಿ. ಅಲ್ಲಿನ ಗೋಬಾ, ಎಂದರೆ ಊರಿನ ಯಜಮಾನ, ತುಂಡುಪ್ ಎಂಬಾತ. ನಗುವುದಕ್ಕೂ ಪಂಚಾಯಿತಿ ಕರೆಯಬೇಕೆನ್ನುವ ಸ್ವಭಾವ. ಹಿಂದಿನ ವರ್ಷದ ಬ್ಯಾಟರಿ ಪಟ್ಟಿಗಳ ಅವಮಾನವನ್ನು ಅವನು ಮರೆತಿರಲಿಲ್ಲ. ಸೂಪರ್‌ಕೆಪಾಸಿಟರಿನ ಹೊಸ ಪಟ್ಟಿಗಳೂ ಕೈಕೊಟ್ಟರೆ ಅವನ್ನೆಲ್ಲ ಕಿತ್ತು ಒಲೆಗೆ ಹಾಕುವುದಾಗಿ ಹೇಳಿಯೇ ಒಪ್ಪಿಕೊಂಡಿದ್ದ. ಯಾಕ್‌ಗಳಲ್ಲಿ ಹೆಚ್ಚಿನವು ಸ್ಕಲ್‌ಜಂಗ್ ಎಂಬ ಮುದುಕಿಯ ಮನೆಯವು. ಆ ಹಿಂಡು ಹೋದರೆ ಅವಳ ಮಕ್ಕಳು ಹಾಲು ಬೆಣ್ಣೆ ಬಿಟ್ಟು ರಸ್ತೆ ಕೆಲಸಕ್ಕೆ ಕಲ್ಲು ಒಡೆಯಲು ಹೋಗುವುದೇ ಸೈ.

ಮಾಘದ ನಡುವೆ ದಿನಗಟ್ಟಲೆ ಹಿಮ ಸುರಿಯಿತು. ಬಿರುಗಾಳಿ ನಿಂತ ಬೆಳಗ್ಗೆ ಮೋಡದ ಅಡಿಯಲ್ಲಿ ಊರಿಗೂರೇ ಗೋಬಾನ ಅಂಗಳದಲ್ಲಿತ್ತು. ಯಾಕ್‌ಗಳು ಹಿಮದಲ್ಲಿ ಸಿಕ್ಕಿಕೊಂಡಿದ್ದವು, ಆದರೆ ಎಲ್ಲಿ? ಮೂಡಣ ಕಣಿವೆಯಲ್ಲೋ, ಪಡುವಣದ್ದರಲ್ಲೋ? ದಾರಿ ಕಡಿದುಕೊಂಡು ಒಂದನ್ನು ತಲುಪುವಷ್ಟು ತ್ರಾಣ ಗಂಡಸರಲ್ಲಿತ್ತು. ತಪ್ಪಿದರೆ ಹಿಂದಿರುಗಿ ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಹಿಂಡು ಉಳಿಯುವಂತಿರಲಿಲ್ಲ. ಎರಡು ಕಣಿವೆಗಳ ಬಾಯಲ್ಲೂ ಪಟ್ಟಿಗಳ ದನಿ ಕೇಳಿಸಿಕೊಳ್ಳುವ ಒಂದೊಂದು ಕಂಬವನ್ನು ಚೋರೋಲ್ ನೆಟ್ಟಿದ್ದಳು. ಗೋಬಾನ ಮನೆಯ ಪೆಟ್ಟಿಗೆಯಲ್ಲಿ ಮೂಡಣಕ್ಕೊಂದು ಕೆಂಪು ದೀಪ, ಪಡುವಣಕ್ಕೊಂದು ಹಸಿರು ದೀಪ. ಎರಡೂ ಆರಿದ್ದವು.

"ಚೋರೋಲ್-ಲೇ, ನಿನ್ನ ಪೆಟ್ಟಿಗೆ ಸತ್ತಿದೆ," ಎಂದ ಗೋಬಾ. ನಮ್ಮ ಕಡೆ ಬೈಯಲು ಬಳಸುವ 'ಲೇ' ಅಲ್ಲಿ ಗೌರವದ ಬಾಲ. ಆದರೆ ಆ ಬೆಳಗ್ಗೆ ಅವನ ಬಾಯಲ್ಲಿ ಅದು ನಮ್ಮ ಕಡೆಯದೇ ಆಗಿ ಕೇಳಿಸಿತು.

"ಸತ್ತಿಲ್ಲ ಗೋಬಾ-ಲೇ, ಹಸಿದಿದೆ. ಮೋಡ ಸರೀಲಿ, ಒಂದು ಗುಟುಕು ಬಿಸಿಲು ಬೀಳ್ಲಿ."

"ಹಸಿದವ್ರು ಅಳ್ತಾರಮ್ಮ. ಇದು ಉಸಿರೂ ಬಿಡ್ತಿಲ್ಲ. ನಾವು ಮೂಡಣಕ್ಕೆ ಹೊರಡ್ತೀವಿ."

ಆಗ ಮುದುಕಿ ಸ್ಕಲ್‌ಜಂಗ್ ಚೋರೋಲಳ ತೋಳು ಹಿಡಿದು ಗುಟ್ಟು ಹೇಳುವಂತೆ, "ಅವು ಸಾಯಕ್ಕೆ ಸಾಧ್ಯವೇ ಇಲ್ಲ ಮಗಳೇ," ಎಂದಳು. "ಕೊರಳಿನ ಒಂದೊಂದು ಪೆಟ್ಟಿಗೆಗೂ ಉಣ್ಣೆ ಕುಲಾವಿ ಹೊಲ್ದು ಹಾಕಿದೀನಿ. ಬೆಚ್ಚಗಿವೆ."

ಬಿಸಿಲನ್ನೇ ಉಣ್ಣುವ ಪೆಟ್ಟಿಗೆಗಳ ಬಾಯಿಗೆ ಆ ಮಹಾತಾಯಿ ಕಂಬಳಿ ಕಟ್ಟಿದ್ದಳು!

"ಅದು ಬ್ಯಾಟರಿ ಅಲ್ಲ, ಅದಕ್ಕೆ ಚಳಿ ಆಗಲ್ಲ ಅಂತ ಹೇಳಿದ್ನಲ್ಲ ಅಬಿ-ಲೇ!" ಅಜ್ಜಿಗೆ ಅಲ್ಲಿ 'ಅಬಿ' ಎನ್ನುತ್ತಾರೆ.

"ಎಲ್ಲಿ ಹೇಳ್ದೆ? 'ಇದಕ್ಕೆ ಮಾತ್ರ ಯಾವತ್ತೂ...' ಅಂದೆ, ಗೊರಕೆ ಹೊಡ್ದೆ. ನನಗೆ ಹಾಲು ಕರೆಯೋದಿತ್ತು, ನಾನು ಎದ್ದು ಹೋದೆ."

ಯಾರೋ ನಕ್ಕರು, ಉಳಿದವರಿಗೆ ನಗು ಬರಲಿಲ್ಲ. ಚೋರೋಲ್ ಹಿಮದ ಮೇಲೆ ಕುಸಿದು ಕೂತಳು. ಎಂಥ ಏರಿನಲ್ಲೂ ಕಾಣದಿದ್ದ ದಣಿವು ಅವಳ ಮುಖದಲ್ಲಿತ್ತು; ನನಗೆ ನಿಜವಾಗಿ ಸಂಕಟವಾಯಿತು. ತಲೆಯೆತ್ತದೆಯೇ ಕೇಳಿದಳು: "ಎಲ್ಲದಕ್ಕೂ ಹಾಕಿದೀಯಾ?"

"ಎಲ್ಲದಕ್ಕೂ. ಆ ನಕ್ಪೊ ಒಬ್ಬನ್ನ ಬಿಟ್ಟು. ಮುಂಡೇದು ಹತ್ರ ಬಿಡ್ಲೇ ಇಲ್ಲ, ನನ್ನ ಗೊಂಚಾನೇ ತಿವಿದು ಹರೀತು."

ನಕ್ಪೊ ಎಂದರೆ ಕರಿಯ. ಹಿಂಡಿನ ಮುಂದಾಳು, ಮಹಾಕೋಪಿ. ಶರತ್ಕಾಲದಲ್ಲಿ ಗಟ್ಟಿ ಆಳುಗಳೆಲ್ಲ ಸೇರಿ ಅವನನ್ನು ಕೆಡವಿಕೊಂಡು ಕಟ್ಟಿದ್ದ ಪಟ್ಟಿ ಅದು. ಚೋರೋಲ್ ಎದ್ದ ರಭಸಕ್ಕೆ ಗೊಂಚಾದಿಂದ ಜರ್ದಾಳುಗಳು ಚೆಲ್ಲಿದವು. "ಅವನೊಬ್ಬ ಸಾಕು! ಗೋಬಾ-ಲೇ, ಬಿಸಿಲು ಕಣಿವೆಗೆ ಇಳಿಯೋವರೆಗೆ ತಡೀರಿ. ಆಮೇಲೂ ದೀಪ ಹತ್ತಿಲ್ಲ ಅಂದ್ರೆ ನೀವೇ ನನ್ನ ಸಾಮಾನೆಲ್ಲ ಒಲೆಗೆ ಹಾಕಿ, ನಾನು ಊದ್ತೀನಿ."

ಗೋಬಾ ಆಕಾಶ ನೋಡಿದ. ಮಧ್ಯಾಹ್ನಕ್ಕೆ ಮತ್ತೆ ಹಿಮ ಬರುವ ಲಕ್ಷಣವಿತ್ತು. ಕಾಯುವುದೆಂದರೆ ಹಗಲನ್ನು ಕಳೆದುಕೊಳ್ಳುವುದು. "ಬಿಸಿಲು ಗೋಂಪಾದ ಗೋಡೆಯಿಂದ ಕೆಳಗಿಳಿಯೋವರೆಗೆ," ಎಂದ, ಅಷ್ಟೇ.

ಮೋಡ ಹರಿಯಿತು. ಬಿಸಿಲು ಮೊದಲು ಶಿಖರವನ್ನು ಮುಟ್ಟಿತು, ಬಳಿಕ ದಿಣ್ಣೆಗಳನ್ನು, ಬಳಿಕ ಗೋಂಪಾದ ಸುಣ್ಣದ ಗೋಡೆಯನ್ನು. ಪೆಟ್ಟಿಗೆಯಲ್ಲಿ ಎರಡೂ ದೀಪಗಳು ಒಮ್ಮೆ ಮಿನುಗಿ ಆರಿದವು. "ಕಂಬಗಳು ಎದ್ವು! ಕಂಬಗಳು ಎದ್ವು!" ಎಂದು ಚೋರೋಲ್ ಕುಣಿದಳು; ಬಿರುಗಾಳಿಯಲ್ಲಿ ಪೂರಾ ಬರಿದಾಗಿದ್ದ ಅವು ಬಿಸಿಲು ಕುಡಿದು ಕಣ್ಣು ಬಿಟ್ಟಿದ್ದವು. ಆದರೆ ಯಾಕ್‌ನ ಸುದ್ದಿಯಿಲ್ಲ. ಬಿಸಿಲು ಗೋಡೆಯಿಂದ ಇಳಿಯಿತು. ಗೋಬಾ ಸಲಿಕೆಯನ್ನು ಹೆಗಲಿಗೇರಿಸಿ ಮೂಡಣದ ಹಾದಿ ಹಿಡಿದ, ಗಂಡಸರು ಹಿಂಬಾಲಿಸಿದರು. ಚೋರೋಲ್ ತಡೆಯಲಿಲ್ಲ. ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ಹಟ ಹಿಡಿದ ಮಗುವಿಗೆ ತುತ್ತು ಕೊಡುವವಳಂತೆ, "ಕುಡಿಯೋ ನಕ್ಪೊ, ಇನ್ನೊಂದು ಗುಟುಕು ಕುಡಿಯೋ," ಎನ್ನುತ್ತಿದ್ದಳು.

ಹಸಿರು ದೀಪ ಹತ್ತಿತು!

ಹತ್ತಿತು, ಆರಿತು, ಮತ್ತೆ ಹತ್ತಿತು. "ಪಡುವಣ! ಗೋಬಾ-ಲೇ, ಪಡುವಣ!" ಎಂದು ಅವಳು ಕೂಗಿದ ಕೂಗಿಗೆ ಊರಿನ ನಾಯಿಗಳೆಲ್ಲ ಬೊಗಳಿದವು. ಸಾಲಾಗಿ ಹೊರಟಿದ್ದ ಗಂಡಸರು ನಿಂತರು. ಗೋಬಾ ತಿರುಗಿದ, ಪಡುವಣದತ್ತ ನಡೆದವನು ಅಂಗಳವನ್ನು ದಾಟುವಾಗ ಆ ದೀಪದ ಮುಂದೆ ಒಂದು ಗಳಿಗೆ ನಿಂತು, ಗೋಂಪಾದಲ್ಲಿ ಮಾಡುವಂತೆ ತಲೆಬಾಗಿಸಿಯೇ ಹೋದ.

ಹಿಂಡು ಸಿಕ್ಕಿತು. ಒಂದು ಮುದಿ ಯಾಕ್ ಮಾತ್ರ ಉಳಿಯಲಿಲ್ಲ. ಮಿಕ್ಕವೆಲ್ಲ ನಕ್ಪೊವಿನ ಹಿಂದೆ ಸಾಲುಗಟ್ಟಿ, ಕೊರಳಲ್ಲಿ ಕುಲಾವಿ ತೊಟ್ಟ ಪೆಟ್ಟಿಗೆಗಳೊಂದಿಗೆ ಊರಿಗಿಳಿದಾಗ ಸ್ಕಲ್‌ಜಂಗ್ ಅಳುತ್ತ ನಗುತ್ತ ಹೊಲಿಗೆಗಳನ್ನು ಹಲ್ಲಿನಲ್ಲೇ ಕಡಿದಳು. ಕರಿಯನ ಕೊಂಬುಗಳಿಗೆ ಬೆಣ್ಣೆ ಹಚ್ಚಿ ಮರ್ಯಾದೆ ಮಾಡಿದರು. ಆಗಲೂ ಅವನು ಒಬ್ಬನನ್ನು ತಿವಿದ. ಗೋಬಾ ಚೋರೋಲಳ ಬಟ್ಟಲಿಗೆ ಛಾಂಗ್ ಎಂಬ ಬಾರ್ಲಿಯ ಹೆಂಡ ಸುರಿಯುತ್ತ, "ಮುಂದಿನ ವರ್ಷ ಮೇಕೆಗಳಿಗೂ ಕಟ್ಟು," ಎಂದ. ಅವನ ಮಟ್ಟಿಗೆ ಅದು ಪಟ್ಟಾಭಿಷೇಕ.

ಬಹಳವನ್ನು ಕೂಡಿಟ್ಟುಕೊಂಡವರನ್ನೇ ಲೋಕ ಸಮರ್ಥರೆಂದು ಕೊಂಡಾಡುತ್ತದೆ. ಕೂಡಿಡಲು ಬಾರದ, ಕೈಯಲ್ಲಿದ್ದುದನ್ನೆಲ್ಲ ಅಂದಂದೇ ಸುರಿದು ಬರಿದಾಗುವ ಇನ್ನೊಂದು ಕುಲವೂ ಇದೆ. ಬರಿದಾಗುವುದು ಅವರಿಗೆ ಅಪಮಾನವಲ್ಲ. ಬರಿದಾಗುವುದರ ರುಚಿ ಬಲ್ಲವರಾದ್ದರಿಂದಲೇ ಇನ್ನೊಬ್ಬರ ಮೌನವನ್ನು ಮರಣವೆಂದು ಒಪ್ಪಿಕೊಳ್ಳಲು ಅವರಿಗೆ ಅವಸರವಿಲ್ಲ. ಸಲಿಕೆ ಹೊತ್ತು ಹೊರಟವರ ಬೆನ್ನ ಹಿಂದೆ ಮೊಣಕಾಲೂರಿ ಕೂತು ಕಾಯುತ್ತಾರೆ. ಅಂಥವರೊಬ್ಬರಿರುವ ಊರಿನಲ್ಲಿ ಯಾರನ್ನೂ ಬೇಗ ಸತ್ತವರ ಲೆಕ್ಕಕ್ಕೆ ಸೇರಿಸುವುದಿಲ್ಲ.